ಗೋಡೆ ಕೆರೆದ ಬೇಸಿಗೆ

ಸುಣ್ಣ ಬಳಿಯುವುದರಲ್ಲಿ ಏನು ಮಹಾ ವಿಜ್ಞಾನವಿದೆ ಎಂದು ಕೇಳುವವರಿಗೆ ಹತ್ತನೇ ತರಗತಿಯ ಪಾಠವನ್ನೇ ತೋರಿಸುವುದು ನನ್ನ ಅಭ್ಯಾಸ. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡಿನೊಂದಿಗೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳು ಪದರವಾಗುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಗೋಡೆ ಹೊಳೆಯುವುದು ಅದರಿಂದಲೇ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಈ ಸಮೀಕರಣವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಇಷ್ಟೆಲ್ಲ ಬಲ್ಲ ಮೇಷ್ಟ್ರ ಮನೆಯ ಗೋಡೆ ಎರಡೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು ಎಂದರೆ ನಗುವವರು ನಗಲಿ.

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಮಳೆ ಹಿಡಿಯಿತೆಂದರೆ ಗೋಡೆ, ಬಟ್ಟೆ, ಪುಸ್ತಕ ಎಲ್ಲವೂ ಒಂದೇ ವಾಸನೆ. 2017ರಲ್ಲಿ ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ಹೊತ್ತಿಗೆ ಅವನಿಗೊಂದು ಓದುವ ಕೋಣೆ ಮಾಡಿಕೊಡಬೇಕೆನಿಸಿತು. ಹತ್ತಾರು ವರ್ಷ ಸುಣ್ಣ ಕಂಡ ಗೋಡೆಗೆ ಈ ಸಲ ಎಮಲ್ಷನ್ ಹೊಡೆಸೋಣವೆಂದು ಪೇಂಟಿಂಗ್ ಮೇಸ್ತ್ರಿಯನ್ನು ಕರೆಸಿದೆ. ಅವನು ಗೋಡೆಯ ಮೇಲೆ ಅಂಗೈ ಸವರಿ, ಬಿಳಿಯಾದ ಕೈಯನ್ನು ನನಗೆ ತೋರಿಸಿದ. "ಸಾರ್, ಹಳೆ ಸುಣ್ಣ ಪೂರ್ತಿ ಕೆರೀಬೇಕು. ಕೆರೀದೆ ಹೊಡೆದ್ರೆ ನಿಲ್ಲಲ್ಲ" ಅಂದ. ಕೆರೆಯಲು ಮೂರಾಳಿನ ಕೂಲಿ. ಮಗನ ಟ್ಯೂಷನ್ನಿಗೆ ಆಗಷ್ಟೇ ಹಣ ಕಟ್ಟಿ ಬಂದಿದ್ದೆ. "ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲಿನ ಹಾಗೆ ಕಣಯ್ಯಾ, ಅದರ ಮೇಲೆಯೇ ಹೊಡಿ" ಎಂದುಬಿಟ್ಟೆ. ಅವನು ವಾದ ಮಾಡಲಿಲ್ಲ. ಮೇಷ್ಟ್ರೊಂದಿಗೆ ಯಾರು ತಾನೇ ವಾದ ಮಾಡುತ್ತಾರೆ?

ನಾನು ಮರೆತದ್ದು ಇಷ್ಟು. ಅಂಗೈಗೆ ಮೆತ್ತಿದ ಆ ಪುಡಿ ಗೋಡೆಗೆ ಅಂಟಿಕೊಂಡಿಲ್ಲ, ಸುಮ್ಮನೆ ಕೂತಿದೆ. ಎಮಲ್ಷನ್ ಆರುವಾಗ ಒಂದು ಹಾಳೆಯಂತೆ ಬಿಗಿದುಕೊಂಡು ಆ ಪುಡಿಯನ್ನೇ ಹಿಡಿಯುತ್ತದೆ. ಹೊರಗಿನ ತೇವ ಒಳಕ್ಕೆ ಬಂತೋ, ಹಾಳೆಯೂ ಪುಡಿಯೂ ಕೈ ಹಿಡಿದುಕೊಂಡೇ ಗೋಡೆ ಬಿಡುತ್ತವೆ. 2018ರ ಮಳೆ ನಿಲ್ಲುವಾಗ ಮಗನ ಮಂಚದ ಪಕ್ಕ ಅಂಗೈಯಗಲದ ಸಿಪ್ಪೆಗಳು ಜೋತಾಡುತ್ತಿದ್ದವು. ಅವನು ಓದುತ್ತ ಕೂತು ಅವನ್ನು ಒಂದೊಂದಾಗಿ ಕಿತ್ತು ಹಾಕುತ್ತಿದ್ದ. ನಾನು ಬೈಯುತ್ತಿದ್ದೆ.

2019ರ ಏಪ್ರಿಲಿನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ಎಲ್ಲದರಲ್ಲೂ ಪಾಸು, ಭೌತಶಾಸ್ತ್ರದಲ್ಲಿ ಫೇಲು. ಊರಿಗೆಲ್ಲ ವಿಜ್ಞಾನ ಹೇಳುವವನ ಮಗ! ಮನೆಯಲ್ಲಿ ಹದಿನೈದು ದಿನ ಮಾತಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಸದ್ದು ಮಾತ್ರ. ಪೂರಕ ಪರೀಕ್ಷೆ ಜೂನಿನಲ್ಲಿ. ಕೊನೆಗೆ ನಮ್ಮಾಕೆಯೇ, "ರೀ, ಅವನ ಮುಖ ನೋಡೋಕಾಗಲ್ಲ, ಆ ಗೋಡೆಯನ್ನೂ ನೋಡೋಕಾಗಲ್ಲ. ರಜೆ ಇದೆ, ಇಬ್ಬರೂ ಸೇರಿ ಏನಾದ್ರೂ ಮಾಡಿ" ಎಂದಳು. ಮೇಸ್ತ್ರಿಯನ್ನು ಮತ್ತೆ ಕರೆಯಲು ನನಗೆ ಮುಖವಿರಲಿಲ್ಲ. ಅಪ್ಪ ಮಗನೇ ತಗಡು ಹಿಡಿದೆವು.

ಕೆರೆಯುವುದೆಂದರೆ ಏನೆಂದು ಆಗ ತಿಳಿಯಿತು. ಮೊದಲು ನೀರು ಚಿಮುಕಿಸಿ ನೆನೆಸಬೇಕು. ಇಲ್ಲವಾದರೆ ಧೂಳೆಲ್ಲ ಮೂಗಿಗೆ. ಮೂಗಿಗೆ ಬಟ್ಟೆಯಂತೂ ಕಟ್ಟಲೇಬೇಕು. ಕೆನೆ, ಅದರಡಿ ನೀಲಿ ಬೆರೆಸಿದ ಸುಣ್ಣ, ಅದರಡಿ ಹಳದಿ, ಮತ್ತೆ ಬಿಳಿ. ಒಂದೊಂದೂ ಒಂದು ದೀಪಾವಳಿ. ಗಾರೆ ಕಾಣುವವರೆಗೆ ನಾಲ್ಕು ದಿನ ಹಿಡಿಯಿತು. ಬಾಗಿಲು ಕಿಟಕಿಗಳ ಹಳೆಯ ಎಣ್ಣೆ ಬಣ್ಣವನ್ನು ಮಾತ್ರ ಎಮರಿ ಪೇಪರಿನಿಂದ ಉಜ್ಜಲು ನಾನು ಬಿಡಲಿಲ್ಲ. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಹೊರಟದ್ದೇ 2016ರಲ್ಲಿ. ಪುಟ್ಟ ಮಕ್ಕಳಿರುವ ಮನೆಯವರು ಇದನ್ನು ನೆನಪಿಟ್ಟುಕೊಳ್ಳಿ. ಆ ಧೂಳು ಮಕ್ಕಳ ಮಿದುಳಿಗೆ ವಿಷ.

ಮಾತು ಶುರುವಾದದ್ದು ಬಚ್ಚಲಮನೆಯಲ್ಲಿ. ಅಲ್ಲಿಗೆ ಸುಣ್ಣವೇ ಸಾಕೆಂದು ಒಂದು ಕೈ ಬಳಿದಿದ್ದೆವು. ಹಸಿ ಸುಣ್ಣದಲ್ಲಿ ಕೆಳಗಿನ ಕಲೆಯೆಲ್ಲ ಹಾಗೆಯೇ ಕಾಣುತ್ತಿತ್ತು. ಮತ್ತೆ ಬಳಿಯಲು ಹೊರಟವನನ್ನು ತಡೆದೆ. ಮಧ್ಯಾಹ್ನಕ್ಕೆ ಗೋಡೆ ಬೆಳ್ಳಗಾಗಿತ್ತು.

"ಹಸಿ ಇದ್ದಾಗ ಯಾಕೆ ಕಾಣ್ತದೆ ಅಪ್ಪಾ?" ಎಂದ. ಹದಿನೈದು ದಿನದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ.

ಪುಸ್ತಕದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಯಾಕೋ ನುಂಗಿಕೊಂಡೆ. "ಒದ್ದೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಏನಾಗ್ತದೆ?" ಎಂದು ಕೇಳಿದೆ. "ಮಂಕಾಗಿ ಕಾಣ್ತದೆ, ಆರಿದ ಮೇಲೆ ಎದ್ದು ಕಾಣ್ತದೆ." "ಬೋಂಡಾ ಕಟ್ಟಿದ ಕಾಗದ?" "ಎಣ್ಣೆ ಆದಲ್ಲಿ ಬೆಳಕು ಆಚೆ ಹೋಗ್ತದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ವಕ್ರೀಭವನ ಸೂಚ್ಯಂಕವಾ?" ಎಂದ.

ಅದೇ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಎರಡರ ಸೂಚ್ಯಂಕಗಳ ಅಂತರ ಎಷ್ಟು ಹೆಚ್ಚೋ ಅಷ್ಟು ಹಿಂದಕ್ಕೆ ಚದುರುತ್ತದೆ. ಸುಣ್ಣದ ಕಣಕ್ಕೆ ಸುಮಾರು 1.6, ನೀರಿಗೆ 1.33, ಗಾಳಿಗೆ 1. ಹಸಿಯಿದ್ದಾಗ ಕಣದ ಸುತ್ತ ನೀರು, ಅಂತರ ಕಡಿಮೆ, ಬೆಳಕು ನುಗ್ಗಿ ಕಲೆಯನ್ನು ತೋರಿಸುತ್ತದೆ. ಆರಿದ ಮೇಲೆ ಕಣದ ಸುತ್ತ ಗಾಳಿ; ಬೆಳಕು ಅಲ್ಲೇ ಚದುರಿ ವಾಪಸು.

"ಹಾಗಾದ್ರೆ ಎಮಲ್ಷನ್ನಲ್ಲಿ?" ಎಂದ. ಅಲ್ಲಿ ಕಣದ ಸುತ್ತ ಆರಿದ ಮೇಲೂ ಗಾಳಿಯಿಲ್ಲ, ಅಂಟು ಇದೆ. ಅದರ ಸೂಚ್ಯಂಕ ಸುಮಾರು 1.5. ಅದರೊಳಗೆ ಸುಣ್ಣದ ಪುಡಿ ಇದ್ದೂ ಇಲ್ಲದಂತೆ. ಆದ್ದರಿಂದ ಮರೆಮಾಡುವ ಕೆಲಸಕ್ಕೆ ಟೈಟೇನಿಯಂ ಡೈ ಆಕ್ಸೈಡ್ ಬೇಕು. ಅದರ ರೂಟೈಲ್ ರೂಪದ ಸೂಚ್ಯಂಕ 2.7. ವಜ್ರಕ್ಕೇ 2.42! ನಮ್ಮ ಪಕ್ಕದ ಕೇರಳದ ಚವರ ಕಡಲ ತೀರದ ಕಪ್ಪು ಮರಳಿನಲ್ಲಿರುವ ಇಲ್ಮೆನೈಟ್ ಅದರ ಅದಿರು. ಕಪ್ಪು ಮರಳಿನಿಂದ ಅಷ್ಟು ಬೆಳ್ಳನೆಯ ಪುಡಿ ಎಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ.

ಈ ಪುಡಿ ದುಬಾರಿ. ಅಗ್ಗದ ಬಣ್ಣದಲ್ಲಿ ಇದು ಕಡಿಮೆ, ಸುಣ್ಣದ ಕಲ್ಲಿನ ಪುಡಿ ಜಾಸ್ತಿ. ಡಬ್ಬಿಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ. ನಾವೇ ಪರೀಕ್ಷೆ ಮಾಡಿದೆವು. ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಮುಗಿದ ಏಪ್ರಿಲ್ ಹಾಳೆಯನ್ನು ಹರಿದು ಹಲಗೆಗೆ ಅಂಟಿಸಿದ. ಫಲಿತಾಂಶದ ದಿನಕ್ಕೆ ನಾನೇ ಹಿಂದೆ ಕೆಂಪು ಗುರುತು ಹಾಕಿದ್ದೆ. ಇಬ್ಬರೂ ನೋಡಿದೆವು, ಯಾರೂ ಏನೂ ಹೇಳಲಿಲ್ಲ. ಒಂದೊಂದು ಲೀಟರಿನ ಎರಡು ಡಬ್ಬಿ ತಂದಿದ್ದೆವು, ಒಂದರ ಬೆಲೆ ಇನ್ನೊಂದರ ದುಪ್ಪಟ್ಟು. ಹಾಳೆಯ ಅರ್ಧಕ್ಕೆ ಅದು, ಅರ್ಧಕ್ಕೆ ಇದು. ದುಬಾರಿಯದರಲ್ಲಿ ಎರಡನೇ ಕೈಗೆ ದಪ್ಪ ಕಪ್ಪು ಅಂಕಿಗಳು ಮುಚ್ಚಿಹೋದವು. ಅಗ್ಗದ್ದಕ್ಕೆ ನಾಲ್ಕು ಕೈ ಬೇಕಾಯಿತು. ಬಣ್ಣದ ಲೆಕ್ಕ ಅಲ್ಲಿಗಲ್ಲಿಗೆ ಆಯಿತು, ಆಳಿನ ಕೂಲಿ ಸೇರಿಸಿದರೆ ಅಗ್ಗದ್ದೇ ದುಬಾರಿ. ಹಾಗೆಂದು ಅಂಗಡಿಯವನು ತೋರಿಸಿದ ಎಲ್ಲಕ್ಕಿಂತ ಹೆಚ್ಚು ಬೆಲೆಯ ರೇಷ್ಮೆ ಹೊಳಪಿನದನ್ನೂ ಕೊಳ್ಳಲಿಲ್ಲ. ಅದಕ್ಕೆ ಕೊಡುವ ಹೆಚ್ಚಿನ ಹಣ ಹೊಳಪಿಗೆ, ತೊಳೆಯುವ ಅನುಕೂಲಕ್ಕೆ. ಕಿಟಕಿಯ ಓರೆ ಬೆಳಕಿನಲ್ಲಿ ಹೊಳಪು ಗೋಡೆಯ ಉಬ್ಬುತಗ್ಗನ್ನೆಲ್ಲ ಸಾರಿ ಹೇಳುತ್ತದೆ. ನಮ್ಮಂಥ ಗೋಡೆಗೆ ಮಂಕು ಬಣ್ಣವೇ ಮರ್ಯಾದೆ.

ಎಷ್ಟು ಬೇಕೆಂಬ ಲೆಕ್ಕವನ್ನು ಅವನೇ ಮಾಡಿದ. ಕೋಣೆ 12 ಅಡಿಗೆ 10, ಎತ್ತರ 10. ಸುತ್ತಳತೆ 44, ಗೋಡೆ 440 ಚದರ ಅಡಿ. ಬಾಗಿಲಿಗೆ 21, ಕಿಟಕಿಗೆ 16 ಕಳೆದರೆ 403. ನುಣುಪು ಗೋಡೆಯಲ್ಲಿ ಎರಡು ಕೈಗೆ ಲೀಟರಿಗೆ 120 ಚದರ ಅಡಿ ಎಂದು ಹಿಡಿದರೆ ಮೂರೂವರೆ ಲೀಟರಿಗೆ ಸ್ವಲ್ಪ ಕಡಿಮೆ. ನಾಲ್ಕು ಲೀಟರಿನ ಡಬ್ಬಿ ತಂದೆವು. ನೀರು ಹೆಚ್ಚು ಬೆರೆಸಿದರೆ ಇನ್ನಷ್ಟು ದೂರ ಹೋಗುವುದಿಲ್ಲವೇ ಎಂದು ನನ್ನ ಜಿಪುಣ ಬುದ್ಧಿ ಕೇಳಿತು. ಅವನು ಲೆಕ್ಕ ಹಾಕಿ ತೋರಿಸಿದ: ಒಂದು ಲೀಟರನ್ನು ಹತ್ತು ಚದರ ಮೀಟರಿಗೆ ಹರಡಿದರೆ ಪದರದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಆರಿದ ಮೇಲೆ ಅದರ ಅರ್ಧವೂ ಉಳಿಯುವುದಿಲ್ಲ. "ಇದರಲ್ಲಿ ಇನ್ನೆಷ್ಟು ತೆಳು ಮಾಡ್ತೀರಿ?" ಎಂದ. ಡಬ್ಬಿಯ ಮೇಲೆ ಬರೆದಷ್ಟೇ ನೀರು ಹಾಕಿದೆವು.

ಮೇ ತಿಂಗಳ ಬಿಸಿಲಿಗೆ ಗೋಡೆ ಚೆನ್ನಾಗಿ ಒಣಗಿತ್ತು. ಪ್ರೈಮರ್, ಪುಟ್ಟಿ, ಎಮರಿ ಪೇಪರಿನ ಉಜ್ಜು, ಧೂಳು ಒರೆಸಿ ಮತ್ತೆ ಪ್ರೈಮರ್. ಆಮೇಲೆ ಮೂಲೆಗಳಿಗೆ ಬ್ರಷ್ಷು, ಬಯಲಿಗೆ ರೋಲರು. ಒಂದು ಗೋಡೆ ಹಿಡಿದರೆ ಮುಗಿಸಿಯೇ ಕಾಫಿ. ನಡುವೆ ನಿಲ್ಲಿಸಿದರೆ ಆರಿದ ಅಂಚು ಪಟ್ಟೆಯಾಗಿ ಉಳಿಯುತ್ತದೆ. ಮೊದಲ ಕೈ ಆರಲು ನಾಲ್ಕು ಗಂಟೆ. ಆ ನಾಲ್ಕು ಗಂಟೆ ವರಾಂಡದಲ್ಲಿ ಭೌತಶಾಸ್ತ್ರದ ಪುಸ್ತಕ ತೆರೆಯುವುದು ತಾನಾಗಿ ರೂಢಿಯಾಯಿತು. ಮಸೂರದ ಚಿಹ್ನೆ ನಿಯಮವೇ ಅವನಿಗೆ ಗೊತ್ತಿರಲಿಲ್ಲ. ಅದು ಹತ್ತನೇ ತರಗತಿಯ ಪಾಠ. ಅವನು ಹತ್ತನೆಯಲ್ಲಿದ್ದದ್ದು ನನ್ನ ಶಾಲೆಯಲ್ಲೇ, ನನ್ನ ಎದುರಿನ ಬೆಂಚಿನಲ್ಲೇ.

ಬೀರುವಿನ ಹಿಂದಿನ ಒಳಗೋಡೆಯಲ್ಲಿ ಮಾತ್ರ ಬಣ್ಣ ಗಟ್ಟಿಯಾಗಿಯೇ ಇತ್ತು. ಅದನ್ನು ಕೆರೆಯದೆ ಬರೀ ಉಜ್ಜಿ ಬಿಟ್ಟಿದ್ದೆವು. ಎರಡನೇ ಕೈ ಆದ ಮರುದಿನ ನೋಡಿದರೆ ಅಲ್ಲಿ ನೇರಳೆ ಛಾಯೆಯ ಗೆರೆಗಳು ತೇಲಿ ಬಂದಿವೆ. ಐದೈದರ ಕಟ್ಟು, ಸಾಲುಸಾಲು. ಮಾರ್ಕರ್ ಪೆನ್ನಿನ ಗುರುತು. ಮೂರನೇ ಕೈ ಹೊಡೆದೆ, ಮತ್ತೆ ಬಂತು. ಆ ಶಾಯಿ ಬಣ್ಣದ ನೀರಿನೊಂದಿಗೆ ಮೇಲೇರಿ ಬರುವಂಥದ್ದು. ಎಷ್ಟು ಕೈ ಹೊಡೆದರೂ ಅಷ್ಟೇ.

"ಏನೋ ಇದು?" ಎಂದೆ.

"ಟ್ಯೂಷನ್ ಮುಗಿಯೋಕೆ ಎಷ್ಟು ದಿನ ಅಂತ ಲೆಕ್ಕ" ಎಂದು ರೋಲರ್ ತೊಳೆಯಲು ಹೋದ.

ಬಾಗಿಲಿಗೆಂದು ತಂದ ಎಣ್ಣೆಯ ಪ್ರೈಮರ್ ಇತ್ತು. ಆ ಗೆರೆಗಳ ಮೇಲಷ್ಟೇ ಅದನ್ನು ಬಳಿದು, ಒಂದು ದಿನ ಒಣಗಲು ಬಿಟ್ಟು, ಮೇಲೆ ಎಮಲ್ಷನ್ ಹೊಡೆದೆ. ನಿಂತಿತು. ಆಮೇಲೆ ಮೇಸ್ತ್ರಿ ದಾರಿಯಲ್ಲಿ ಸಿಕ್ಕಾಗ ಎರಡು ವರ್ಷದ ಹಿಂದಿನ ನನ್ನ ಮಾತಿಗೆ ಕ್ಷಮೆ ಕೇಳಿದೆ. "ಇರ್ಲಿ ಬಿಡಿ ಸಾರ್, ಕೆರೆಯೋಕೆ ಎಷ್ಟು ದಿನ ಆಯ್ತು?" ಎಂದು ನಕ್ಕ. ಮಗನಲ್ಲಿ ಕೇಳುವುದಕ್ಕೆ ಇನ್ನೂ ಕೆಲವು ದಿನ ಬೇಕಾಯಿತು.

ಜೂನಿನ ಪರೀಕ್ಷೆಯಲ್ಲಿ ಅವನು ಪಾಸಾದ, ದೊಡ್ಡ ಅಂಕವೇನಲ್ಲ. ಈಗ ಹೊರಗೆ ಕೆಲಸದಲ್ಲಿದ್ದಾನೆ, ದೀಪಾವಳಿಗೆ ಬಂದರೆ ಅದೇ ಕೋಣೆ. ಗೋಡೆ ಇಂದಿಗೂ ಸಿಪ್ಪೆ ಎದ್ದಿಲ್ಲ. ಪಡುವಣ ಗೋಡೆಯ ಬುಡದಲ್ಲಿ ಮಾತ್ರ ಗೇಣುದ್ದ ಬಿಳಿ ಉಪ್ಪು ಹೂವಿನಂತೆ ಅರಳಿದೆ. ಕೆಳಗಿನಿಂದ ತೇವ ಏರುತ್ತಿದೆ ಎಂದು ಅದರರ್ಥ. ಮೊದಲು ಹೊರಗಿನ ಚರಂಡಿಯ ನೀರನ್ನು ಆಚೆ ತಿರುಗಿಸಬೇಕು. ತಗಡನ್ನು ಎಣ್ಣೆ ಹಚ್ಚಿ ಅಟ್ಟದಲ್ಲಿ ಇಟ್ಟಿದ್ದೇನೆ.