ಅಪ್ಪನ ವಯಸ್ಸು, ಮಗನ ವಯಸ್ಸು

ಗಣಿತದ ಪುಸ್ತಕದಲ್ಲಿ ಬರುವ ಅಪ್ಪ ಮಕ್ಕಳ ಜಾತಿಯೇ ಬೇರೆ. ವಯಸ್ಸೆಷ್ಟು ಎಂದು ಕೇಳಿದರೆ ನೇರವಾಗಿ ಹೇಳುವವರಲ್ಲ. ‘ಈಗ ನನಗೆ ಮಗನ ನಾಲ್ಕರಷ್ಟು, ಇನ್ನೈದು ವರ್ಷಕ್ಕೆ ಮೂರರಷ್ಟು’ ಎನ್ನುತ್ತಾರೆ. ಆಧಾರ್ ಕಾರ್ಡು ಬಂದ ಮೇಲೂ ಈ ಚಾಳಿ ಬಿಟ್ಟಿಲ್ಲ. ಅವರ ಬಾಯಿಂದ ನಿಜ ಹೊರಡಿಸುವ ಕೆಲಸ ಎಂಟನೇ ಕ್ಲಾಸಿನ ಹುಡುಗನ ಪಾಲಿಗೆ.

ಹುಡುಗ ಶುರು ಮಾಡುತ್ತಾನೆ: ‘ಮಗನ ವಯಸ್ಸು ಎಕ್ಸ್ ಆಗಿರಲಿ.’ ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟು, ಗೊತ್ತಿದ್ದವರ ಹಾಗೆ ಮುಂದುವರಿಯುವ ಈ ಧೈರ್ಯವೇ ಬೀಜಗಣಿತದ ಅರ್ಧ ವಿದ್ಯೆ. ಅಪ್ಪನಿಗೆ 4 ಎಕ್ಸ್. ಐದು ವರ್ಷ ಕಳೆದರೆ 4 ಎಕ್ಸ್ + 5 = 3 (ಎಕ್ಸ್ + 5). ಬ್ರಾಕೆಟ್ಟು ಬಿಡಿಸಿದರೆ ಬಲಗಡೆ 3 ಎಕ್ಸ್ + 15. ಎರಡೂ ಕಡೆ 3 ಎಕ್ಸ್ ಕಳೆ, 5 ಕಳೆ; ಎಕ್ಸ್ = 10. ಅಪ್ಪನಿಗೆ ನಲವತ್ತು.

ಬಾಯಲ್ಲೇ ಲೆಕ್ಕ ಮುಗಿಸುವ ಬುದ್ಧಿವಂತರಿಗೆ ಹಂತಗಳೆಂದರೆ ಅಲರ್ಜಿ. ಬ್ರಾಕೆಟ್ಟಿನೊಳಗಿನ ಐದನ್ನು ಮೂರರಿಂದ ಗುಣಿಸಲು ಮರೆತರೆ ಏನಾಗುತ್ತದೆ ನೋಡಿ: 4 ಎಕ್ಸ್ + 5 = 3 ಎಕ್ಸ್ + 5. ಎಕ್ಸ್ ಸೊನ್ನೆ! ಅಪ್ಪ, ಮಗ ಇಬ್ಬರೂ ಒಂದೇ ತೊಟ್ಟಿಲಲ್ಲಿ. ಇಂಥ ತಪ್ಪು ತಾನೇ ಕೂಗಿ ಹೇಳಿಕೊಳ್ಳುತ್ತದೆ. ಹಂತ ಬರೆದಿದ್ದರೆ ಮೇಷ್ಟ್ರು ನಕ್ಕು, ಸರಿಯಿದ್ದಷ್ಟಕ್ಕೆ ಅಂಕವನ್ನೂ ಕೊಡುತ್ತಾರೆ.

ಅಪಾಯದ ತಪ್ಪು ಮರ್ಯಾದಸ್ಥರ ವೇಷದಲ್ಲಿ ಬರುತ್ತದೆ. ಮಗನಿಗೆ ಐದು ವರ್ಷ ಕೂಡಿಸಿ ಅಪ್ಪನಿಗೆ ಮರೆತರೆ 4 ಎಕ್ಸ್ = 3 (ಎಕ್ಸ್ + 5). ಮಗನಿಗೆ ಹದಿನೈದು, ಅಪ್ಪನಿಗೆ ಅರವತ್ತು. ಊರಲ್ಲಿ ಇಂಥ ಅಪ್ಪಂದಿರು ಇಲ್ಲವೇ? ತಾಳೆ ನೋಡೋಣವೆಂದು ಎಕ್ಸ್ ಇದ್ದಲ್ಲಿ 15 ಹಾಕಿದರೆ ಎಡಕ್ಕೂ 60, ಬಲಕ್ಕೂ 60. ಆಗದೆ ಇನ್ನೇನು? ಸಮೀಕರಣ ನಾವೇ ಬರೆದದ್ದು, ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಕೇಳಬೇಕಾದ್ದು ಪ್ರಶ್ನೆಯನ್ನು. ಇನ್ನೈದು ವರ್ಷಕ್ಕೆ ಮಗನಿಗೆ ಇಪ್ಪತ್ತು, ಅಪ್ಪನಿಗೆ ಅರವತ್ತೈದು. ಮೂರರಷ್ಟೆಲ್ಲಿ ಬಂತು?

ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಲೀಲಾವತಿ’ಯ ಇಷ್ಟಕರ್ಮದಲ್ಲಿ ಈ ಮೋಸಕ್ಕೆ ಜಾಗ ಕಡಿಮೆ. ಅಲ್ಲೊಂದು ದುಂಬಿಗಳ ಹಿಂಡಿದೆ. ಐದನೇ ಒಂದು ಪಾಲು ಕದಂಬಕ್ಕೆ, ಮೂರನೇ ಒಂದು ಪಾಲು ಶಿಲೀಂಧ್ರದ ಹೂವಿಗೆ, ಇವೆರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ ಹಾರಿದವು, ಉಳಿದದ್ದು ಒಂದೇ. ಎಕ್ಸ್ ಬೇಡ, ಇಷ್ಟ ಬಂದ ಸಂಖ್ಯೆಯನ್ನು ಊಹಿಸಿ. ಮೂವತ್ತು ಎನ್ನಿ. ಆರು, ಹತ್ತು, ಹನ್ನೆರಡು ಹೋದರೆ ಉಳಿಯುವುದು ಎರಡು. ಉಳಿಯಬೇಕಾದ್ದು ಒಂದು, ಅಂದರೆ ಊಹೆಯ ಅರ್ಧ, ಹದಿನೈದು. ಊಹಿಸಿದ ಸಂಖ್ಯೆ ಪ್ರಶ್ನೆಯ ಒಂದೊಂದು ಮಾತಿನ ಮೇಲೂ ನಡೆದು ಬಂದಿರುತ್ತದೆ.

ಅಪ್ಪ ಮಗನ ಲೆಕ್ಕಕ್ಕೆ ಇದು ಒಗ್ಗುವುದಿಲ್ಲ. ನಡುವೆ ಆ ಐದು ವರ್ಷ ಬಂದು ಕೂತಿದೆಯಲ್ಲ, ಹಾಗಾಗಿ ಊಹೆಯನ್ನು ಅರ್ಧ ಮಾಡಿದರೆ ಉಳಿದದ್ದೆಲ್ಲ ಅರ್ಧವಾಗುವುದಿಲ್ಲ. ಅಲ್ಲಿ ಎಕ್ಸೇ ಗತಿ. ಆದರೆ ದುಂಬಿಗೆ ಸಿಕ್ಕ ಮರ್ಯಾದೆ ಅಪ್ಪನಿಗೂ ಸಿಗಲಿ: ಉತ್ತರ ಬಂದ ಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ.