ಯಾರದೋ ಮೂಳೆ

ಸಂಧಿವಾತದಿಂದ ಸವೆದಿದ್ದ ಮೊಣಕೈಗೆ ಅಕ್ಕ 11 ವರ್ಷದ ಹಿಂದೆ ಕೃತಕ ಕೀಲು ಹಾಕಿಸಿಕೊಂಡಿದ್ದಳು. ಈಚೆಗೆ ಅದು ಸಡಿಲಾಗಿ, ಸುತ್ತಲಿನ ಮೂಳೆ ಕರಗಿ ಹಪ್ಪಳದಷ್ಟು ತೆಳುವಾಗಿತ್ತು. "ಹೊಸ ಕೀಲು ನಿಲ್ಲಲು ಆಸರೆ ಬೇಕು. ದಾನಿಯ ಮೂಳೆ ಇಡೋಣ" ಎಂದರು ಡಾಕ್ಟರು.

ಅಕ್ಕ ಒಪ್ಪಲಿಲ್ಲ. ನಮ್ಮಲ್ಲಿ ಅಸ್ಥಿಯೆಂದರೆ ಹೊಳೆಗೆ ಬಿಡುವಂಥದ್ದು. "ಯಾರದ್ದೋ ಏನೋ" ಎಂದು ಡೊಂಬಿವಲಿಯ ಮನೆಯಲ್ಲಿ ಎರಡು ದಿನ ಗೊಣಗಿದಳು.

ನಾನು ವಿಚಾರಿಸಿದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದಲೇ ಅಂಗಾಂಶ ಬ್ಯಾಂಕ್ ಇದೆ. ಅಲ್ಲಿ ದಾನಿಯ ರಕ್ತ ಪರೀಕ್ಷಿಸಿ, ಮೂಳೆಯನ್ನು ತೊಳೆದು, ಒಣಗಿಸಿ, ಗಾಮಾ ಕಿರಣದಿಂದ ಶುದ್ಧಿ ಮಾಡುತ್ತಾರೆ. ಜೀವವಿಲ್ಲದ ಅದು ಬರೀ ಹಂದರ. ಪಟ್ಟಿಯಾಗಿ ಕತ್ತರಿಸಿ ತಂತಿಯಿಂದ ಬಿಗಿದ ಮೇಲೆ, ನಮ್ಮದೇ ಮೂಳೆ ತಿಂಗಳುಗಟ್ಟಲೆ ಅದಕ್ಕೆ ಹಬ್ಬಿ ಬೆಸೆದುಕೊಳ್ಳಬೇಕು. ಬೆಸೆಯದೆಯೂ ಇರಬಹುದು, ಸೋಂಕಿನ ಭಯವೂ ಇದ್ದೇ ಇದೆ.

ಎಲ್ಲ ಕೇಳಿದ ಅಕ್ಕ, "ಹಂದರ ಯಾರದ್ದಾದರೇನು, ಬಳ್ಳಿ ನಂದೇ ಅಲ್ವಾ" ಎಂದಳು.

ಈಗ ಆರು ತಿಂಗಳಾಯಿತು. ತುಂಬಿದ ಬಕೆಟ್ ಇನ್ನೆಂದೂ ಎತ್ತುವಂತಿಲ್ಲ. ಆದರೆ ಜಡೆ ತಾನೇ ಹೆಣೆದುಕೊಳ್ಳುತ್ತಾಳೆ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಒಂದು ಎಲೆ ಹೆಚ್ಚಿಗೆ ಹಾಕಿದಳು.