ಹೊಳಿ ಉಸುಕು, ಪುತ್ತೂರಿನ ಕೋಕೋ

ನಮ್ಮ ಕಡೆಯ ಸಿಹಿಗೆ ಮುಚ್ಚುಮರೆ ಗೊತ್ತಿಲ್ಲ. ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಮಾದಲಿ, ಗೋದಿ ಹುಗ್ಗಿ, ಯಾವುದನ್ನು ಬಾಯಿಗಿಟ್ಟರೂ ಮೊದಲು ಬೆಲ್ಲ ಮಾತಾಡುತ್ತದೆ, ಆಮೇಲೆ ತುಪ್ಪ, ಜಾಗ ಉಳಿದಿದ್ದರೆ ಏಲಕ್ಕಿ. ಕಹಿಗೆ ಆ ಪಂಕ್ತಿಯಲ್ಲಿ ಮಣೆಯೇ ಹಾಕುವುದಿಲ್ಲ. ಯುಗಾದಿಯ ದಿನ ಒಂದು ಲೋಟ ಬೇವು ಕುಡಿದರೆ ವರ್ಷದ ಕಹಿಯ ಲೆಕ್ಕ ಚುಕ್ತಾ. ಇಂಥ ಊರಿನಲ್ಲಿದ್ದುಕೊಂಡು, ಕಹಿಯನ್ನೇ ಬುನಾದಿ ಮಾಡಿಕೊಂಡ ಸಿಹಿಯೊಂದನ್ನು ಮನೆಯಲ್ಲಿ ಬೇಯಿಸುವ ಹುಚ್ಚು ನನಗೆ ಹತ್ತಿದೆ. ಚಾಕೊಲೇಟ್ ಕೇಕಿನ ಹುಚ್ಚು.

ಬೇಕರಿಯ ಕೇಕನ್ನು ಹಳಿಯುವುದಿಲ್ಲ ಎಂದು ಪೀಠಿಕೆ ಹಾಕಿ ಹಳಿಯುವುದಕ್ಕಿಂತ ಸೀದಾ ಹಳಿಯುವುದೇ ಒಳ್ಳೆಯದು. ಗಾಜಿನ ಕಪಾಟಿನಲ್ಲಿ ಚಾಕೊಲೇಟ್ ಕೇಕೆಂದು ಕೂತಿರುವುದರಲ್ಲಿ ಬಹುಪಾಲು ಕಂದುಬಣ್ಣದ ಸ್ಪಾಂಜು. ಅದಕ್ಕೆ ಸಕ್ಕರೆ ನೀರು ಕುಡಿಸಿ, ಮೇಲೆ ಎಣ್ಣೆಯಿಂದ ತಯಾರಾದ ಕ್ರೀಮಿನ ಗುಲಾಬಿ ಅರಳಿಸಿ, ನೆತ್ತಿಗೊಂದು ಕೆಂಪು ಚೆರ್ರಿ ಇಟ್ಟಿರುತ್ತಾರೆ. ಆ ಚೆರ್ರಿಯೂ ಎಷ್ಟೋ ಸಲ ಚೆರ್ರಿಯಲ್ಲ. ನಮ್ಮ ಕಪ್ಪತಗುಡ್ಡದ ಮುಳ್ಳುಕಂಟಿಯಲ್ಲಿ ಬಿಡುವ ಕವಳಿಹಣ್ಣಿನ ಜಾತಿಯದು, ಬಣ್ಣದ ಪಾಕದಲ್ಲಿ ಮುಳುಗೆದ್ದು ವೇಷ ಮರೆಸಿಕೊಂಡು ಬಂದದ್ದು. ಹುಟ್ಟುಹಬ್ಬದಲ್ಲಿ ಆ ಕ್ರೀಮು ಬಾಯಿಗೆ ಹೋಗುವುದಕ್ಕಿಂತ ಮೋರೆಗೆ ಹೋಗುವುದೇ ಹೆಚ್ಚು. ನಾನು ಮಾಡುವ ಕೇಕಿನ ಒಂದು ಗುಣವನ್ನು ಇಲ್ಲೇ ಹೇಳಿಬಿಡುತ್ತೇನೆ: ಅದನ್ನು ಯಾರ ಮೋರೆಗೂ ಬಳಿಯಲು ಬರುವುದಿಲ್ಲ. ಬಳಿಯಲು ಹೋದರೆ ಪೆಟ್ಟಾದೀತು, ಅಷ್ಟು ಭಾರದ್ದು.

ಆ ಭಾರ ಬರುವುದು ಕೋಕೋದಿಂದ. ಕೋಕೋ ಎಂದರೆ ಘಾನಾ, ಐವರಿ ಕೋಸ್ಟ್ ಎಂದು ಭೂಗೋಳದ ಪಾಠದಲ್ಲಿ ಉರು ಹೊಡೆದಿದ್ದೆವು. ನನ್ನ ಡಬ್ಬಿಯೊಳಗಿರುವುದು ಪುತ್ತೂರಿನಿಂದ ಬಂದದ್ದು. 1960ರ ದಶಕದಲ್ಲಿ ಕ್ಯಾಡ್ಬರಿ ಕಂಪನಿ ದಕ್ಷಿಣದ ತೋಟಗಾರರಿಗೆ ಕೋಕೋ ಬೆಳೆಯುವ ಉಮೇದು ಹತ್ತಿಸಿತು. ಅಡಕೆ ಮರದ ನೆರಳಲ್ಲಿ ಗಿಡವೇನೋ ಚೆನ್ನಾಗಿ ಬಂತು. ಮುಂದಿನ ದಶಕ ಮುಗಿಯುವ ಹೊತ್ತಿಗೆ ಬೆಲೆ ಬಿದ್ದು, ಬೀಜ ಕೇಳುವವರಿಲ್ಲದೆ, ನೆಟ್ಟವರು ಕಂಗಾಲಾದರು. ಆಗ ಕೈ ಹಿಡಿದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಅಡಕೆ ಬೆಳೆಗಾರರಿಗೆಂದು ಹುಟ್ಟಿದ ಸಹಕಾರಿ ಸಂಸ್ಥೆ ಅದು. ಕೋಕೋ ಖರೀದಿಗೂ ಇಳಿದು, ಕೊಂಡ ಬೀಜವನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರುಮಾಡಿತು.

ಇದು ತಿಳಿದಾಗ ನನಗೆ ಹಿಗ್ಗಾದದ್ದಕ್ಕೆ ಬೇರೆಯೇ ಕಾರಣವಿದೆ. ಗದಗಿನ ಮಗ್ಗುಲಲ್ಲಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಸಾವುಕಾರರ ಬಡ್ಡಿಯಿಂದ ಒಕ್ಕಲುತನದವರನ್ನು ಬಿಡಿಸಲು ಎರೆಹೊಲದ ಊರಲ್ಲಿ ಮೊಳೆತ ವಿಚಾರ, ಎಂಬತ್ತು ವರ್ಷ ಕಳೆದು, ಘಟ್ಟದ ಕೆಳಗೆ ಚಾಕೊಲೇಟಾಗಿ ಹೊರಬಂತು. ನಮ್ಮ ಮನೆಯವರು ಕೇಳಿ, “ಅಂದ್ರ ಚಾಕ್ಲೇಟ್ ಹುಟ್ಟಿದ್ದು ನಮ್ಮೂರಾಗ ಅಂತೀ ಏನ?” ಎಂದು ನಕ್ಕರು. ಅಷ್ಟು ದೂರ ನಾನು ಹೋಗುವುದಿಲ್ಲ. ಹೋದರೆ ತಪ್ಪೇನಿಲ್ಲ ಅನ್ನಿಸುತ್ತದೆ, ಅಷ್ಟೆ.

ಕೋಕೋ ಕಾಯಿ ಒಡೆದರೆ ಸಿಗುವುದು ಬಿಳಿ ಲೋಳೆ ಹೊದ್ದ ಬೀಜ. ಅದನ್ನು ಐದಾರು ದಿನ ರಾಶಿಯಲ್ಲಿಟ್ಟು ಹುಳಿ ಬರಿಸಬೇಕು, ನಡುನಡುವೆ ಮಗುಚಬೇಕು, ಬಿಸಿಲಿಗೆ ಒಣಗಿಸಬೇಕು, ಆಮೇಲೆ ಹುರಿಯಬೇಕು. ಹುಳಿ ಬಾರದ ಬೀಜವನ್ನು ಎಷ್ಟು ಹುರಿದರೂ ಒಗರೊಂದೇ ಉಳಿಯುತ್ತದೆ, ಚಾಕೊಲೇಟಿನ ವಾಸನೆ ಹತ್ತಿರ ಸುಳಿಯುವುದಿಲ್ಲ. ಈ ಪುರಾಣವನ್ನೆಲ್ಲ ಅತ್ತಿಯವರಿಗೆ ಹೇಳುವ ಮೊದಲೇ ಅವರು ಡಬ್ಬಿಯಿಂದ ಒಂದು ಚಿಟಿಕೆ ಪುಡಿ ತೆಗೆದು ನಾಲಿಗೆಗೆ ಹಚ್ಚಿಕೊಂಡಿದ್ದರು. ಮುಖ ಕಿವಿಚಲಿಲ್ಲ. “ಗುರೆಳ್ಳ ಚಟ್ನಿಪುಡಿಗೆ ಉಪ್ಪು ಖಾರ ಮರತಂಗ ಐತಿ” ಎಂದರು.

ಚಾಕೊಲೇಟಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಬುದ್ಧಿವಂತಿಕೆಯದು ಇನ್ನೊಂದಿಲ್ಲ. ಗುರೆಳ್ಳು ಕರಿ ಕಾಳು, ಒಳಗೆ ತುಂಬ ಎಣ್ಣೆ. ಸಣ್ಣ ಉರಿಯಲ್ಲಿ ಹುರಿಯುತ್ತ ನಿಂತರೆ ಒಂದು ಗಳಿಗೆಯಲ್ಲಿ ಹಸಿವಾಸನೆ ಹೋಗಿ ಘಮ ಏಳುತ್ತದೆ, ಅದರ ಮುಂದಿನ ಗಳಿಗೆಯಲ್ಲಿ ಕಹಿ ಮಿತಿಮೀರುತ್ತದೆ. ಎರಡರ ನಡುವೆ ಇಳಿಸಿದವಳ ಚಟ್ನಿಯನ್ನು ನಾವು ಕೆನೆಮೊಸರು, ಕಟಕ ರೊಟ್ಟಿಯ ಜೊತೆ ತಿನ್ನುತ್ತೇವೆ. ಅದರಲ್ಲಿ ಕಹಿ ಇದೆಯೆಂದು ಯಾರೂ ದೂರುವುದಿಲ್ಲ. ಅಂದರೆ ನಮ್ಮ ನಾಲಿಗೆಗೆ ಹುರಿದ ಕಹಿ, ಜಿಡ್ಡು ಕೂಡಿದ ಕಹಿ ಹಳೆಯ ಪರಿಚಯ. ಊಟದಲ್ಲಿ ಒಪ್ಪಿದ್ದನ್ನು ಸಿಹಿಯಲ್ಲಿ ಒಪ್ಪಲು ಮಾತ್ರ ತಕರಾರು. ಕೇಕು ಸಪ್ಪಗಾದಾಗಲೆಲ್ಲ ಸಕ್ಕರೆ ಸುರಿಯುವವರನ್ನು ಕಂಡರೆ ನನಗೆ ಅತ್ತಿಯವರ ಮಾತು ನೆನಪಾಗುತ್ತದೆ: ಮರೆತದ್ದು ಉಪ್ಪು. ಅರ್ಧ ಚಮಚ ಉಪ್ಪು ಬಿದ್ದರೆ ಕೋಕೋ ಬಾಯಿ ಬಿಡುತ್ತದೆ. ನೀರಿನ ಬದಲು ಬಿಸಿ ಕಾಫಿ ಡಿಕಾಕ್ಷನ್ ಹಾಕಿದರೆ ಇನ್ನೂ ಜೋರಾಗಿ ಮಾತಾಡುತ್ತದೆ. ಕಾಫಿಯ ರುಚಿ ಬೇರೆಯಾಗಿ ಸಿಗುವುದಿಲ್ಲ, ಚಾಕೊಲೇಟೇ ಗಾಢವಾಗುತ್ತದೆ.

ತತ್ತಿಯ ವಿಷಯಕ್ಕೆ ಬರೋಣ. ನಮ್ಮ ಗದಗ-ಬೆಟಗೇರಿಗೆ ಕೇಕು ಹೊಸದೇನಲ್ಲ. ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೇ ಶತಮಾನದಲ್ಲೇ ಇಲ್ಲಿ ನೆಲೆಯೂರಿದ್ದರು. ಅವರು ಕಟ್ಟಿದ ದವಾಖಾನೆ ಹಳಬರ ಬಾಯಲ್ಲಿ ಈಗಲೂ ಜರ್ಮನ್ ದವಾಖಾನೆಯೇ. ನನ್ನ ಚಿಕ್ಕಂದಿನಲ್ಲಿ ಆ ಸುತ್ತಿನ ಕ್ರೈಸ್ತರ ಮನೆಯಿಂದ ಡಿಸೆಂಬರಿನಲ್ಲಿ ಕೇಕು ಬರುತ್ತಿತ್ತು. ಅವ್ವ ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದಳು, ತಾಟು ಬರಿದಾಗಿ ಕಳಿಸಬಾರದೆಂದು ಸಕ್ಕರೆ ಹಾಕಿ ಮರಳಿಸುತ್ತಿದ್ದಳು, ತತ್ತಿ ಹಾಕಿದ್ದೆಂದು ಅಡಿಗೆಮನೆಯೊಳಗೆ ಮಾತ್ರ ಒಯ್ಯುತ್ತಿರಲಿಲ್ಲ. ನಾವು ಕಟ್ಟೆಯ ಮೇಲೆ ಕೂತು ತಿಂದು, ಬಾಯಿ ಮುಕ್ಕಳಿಸಿ ಒಳಗೆ ಹೋಗಬೇಕು. ತತ್ತಿಗೆ ಕಟ್ಟೆಯವರೆಗೆ ಬರಲು ಪರವಾನಗಿ ಇತ್ತು, ಒಲೆಯವರೆಗೆ ಇರಲಿಲ್ಲ. ನನ್ನ ಒಲೆಗೂ ಅದೇ ಕಾನೂನು.

ಹಾಗಾಗಿ ತತ್ತಿಯಿಲ್ಲದ ಕೇಕು. ಇದನ್ನು ನಮ್ಮ ಮಡಿವಂತಿಕೆಯ ರಾಜಿ ಎಂದುಕೊಂಡವರಿಗೆ ಒಂದು ಮಾತು: 1930ರ ದಶಕದ ಆರ್ಥಿಕ ಮುಗ್ಗಟ್ಟು, ಆಮೇಲೆ ಯುದ್ಧಕಾಲದ ರೇಷನ್ನು, ಇವುಗಳ ನಡುವೆ ಅಮೆರಿಕದ ಗೃಹಿಣಿಯರು ತತ್ತಿ, ಹಾಲು, ಬೆಣ್ಣೆ ಮೂರನ್ನೂ ಬಿಟ್ಟ ಚಾಕೊಲೇಟ್ ಕೇಕು ಮಾಡುತ್ತಿದ್ದರು. ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಸಕ್ಕರೆ, ಕಾಲು ಬಟ್ಟಲು ಕೋಕೋ, ಒಂದು ಚಹಾ ಚಮಚ ಅಡಿಗೆ ಸೋಡಾ, ಅರ್ಧ ಚಮಚ ಉಪ್ಪು, ಮೂರರಲ್ಲೊಂದು ಬಟ್ಟಲು ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್, ಒಂದು ಬಟ್ಟಲು ನೀರು. ಸೋಡಾಕ್ಕೆ ಹುಳಿ ತಾಗಿ ಗಾಳಿಗುಳ್ಳೆ ಏಳುತ್ತದೆ, ತತ್ತಿಯ ಕೆಲಸ ಅದೇ ಮಾಡುತ್ತದೆ. ನಾನು ವಿನೆಗರನ್ನು ತೆಗೆದು ಹುಳಿಮೊಸರು ಹಾಕುತ್ತೇನೆ, ಮೊಸರು ಹಾಕಿದಷ್ಟು ನೀರು ತಗ್ಗಿಸುತ್ತೇನೆ, ಕೋಕೋವನ್ನು ಹೆಚ್ಚೂಕಡಿಮೆ ದುಪ್ಪಟ್ಟು ಮಾಡಿ ಅಷ್ಟೇ ಮೈದಾ ತೆಗೆಯುತ್ತೇನೆ. ಎಣ್ಣೆ ಸೂರ್ಯಕಾಂತಿಯದು. ಗಾಣದ ಶೇಂಗಾ ಎಣ್ಣೆ ನಮ್ಮ ಹೆಮ್ಮೆಯೇ ಸರಿ, ಆದರೆ ಅದು ಎಲ್ಲಿ ಹೋದರೂ ತಾನು ಬಂದೆನೆಂದು ಡಂಗುರ ಸಾರುತ್ತದೆ.

ಕೋಕೋದಲ್ಲೂ ಎರಡು ಜಾತಿ. ಡಚ್ಚರ ವ್ಯಾನ್ ಹೌಟನ್ ಮನೆತನ 1828ರಲ್ಲಿ ಬೀಜದ ಕೊಬ್ಬನ್ನು ಹಿಂಡಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಪುಡಿಗೆ ಕ್ಷಾರ ಬೆರೆಸಿ ಹುಳಿ ಮುರಿಯುವ ಪದ್ಧತಿಯೂ ಆ ಮನೆತನದ್ದೇ. ಪೊಟ್ಟಣದ ಹಿಂದೆ ಆಮ್ಲತೆ ನಿಯಂತ್ರಕ ಎಂದು ಬರೆದಿದ್ದರೆ ಸಾಮಾನ್ಯವಾಗಿ ಈ ಜಾತಿಯದು. ಬಣ್ಣ ಕಪ್ಪು, ರುಚಿ ಮೆದು, ಆದರೆ ಸೋಡಾ ಉಬ್ಬಿಸುವಷ್ಟು ಹುಳಿ ಅದರಲ್ಲಿರುವುದಿಲ್ಲ. ಅದಕ್ಕೆ ಮೊಸರಿನ ಪ್ರಮಾಣದಲ್ಲಿ ಜಿಪುಣತನ ಸಲ್ಲದು.

ನಮ್ಮ ಹೆಣ್ಣುಮಕ್ಕಳಿಗೆ ಕೇಕು ಮಾಡುವಾಗ ಎಲ್ಲಕ್ಕಿಂತ ಕಷ್ಟದ್ದು ಯಾವುದು ಗೊತ್ತೇ? ಕೈ ಕಟ್ಟಿಕೊಂಡು ನಿಲ್ಲುವುದು. ಹೋಳಿಗೆಯ ಕಣಕ ನಾದಿ, ಎಣ್ಣೆ ಕುಡಿಸಿ, ಮತ್ತೆ ನಾದಿ, ಜಗ್ಗಿದರೆ ಹರಿಯದಷ್ಟು ನಾರು ಬರಿಸಿ ಬೆಳೆದ ಕೈಗಳು ಇವು. ಜವೆ ಗೋದಿಯ ಶಾವಿಗೆ ಹೊಸೆದ ಕೈಗಳು. ಕೇಕಿನ ಹಿಟ್ಟಿಗೆ ಆ ನಾರೇ ವೈರಿ. ಒಣಪುಡಿ ಕಾಣದಾಗುವಷ್ಟು ಕಲಸಿ ಬಿಟ್ಟುಬಿಡಬೇಕು, ಅಲ್ಲೊಂದು ಇಲ್ಲೊಂದು ಗಂಟಿದ್ದರೂ ಇರಲಿ. ಶಿರಹಟ್ಟಿಯಲ್ಲಿರುವ ನನ್ನ ತಂಗಿ ಈ ಮಾತಿಗೆ ಒಪ್ಪುವುದೇ ಇಲ್ಲ. “ಮೈಮುರದು ಮಾಡದ ಅಡಿಗಿ ಹೆಂಗ ರುಚಿ ಆಕ್ಕೈತಿ ಅಕ್ಕಾ?” ಎಂದು ಫೋನಿನಲ್ಲೇ ಜಗಳ. ಅವಳ ಕೇಕು ರಟ್ಟೆಯ ಶಕ್ತಿಯನ್ನು ಸಾರುತ್ತದೆ. ಅವಳ ಗಂಡ ಅದನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾನೆ.

ಓವನ್ನು ನಮ್ಮಲ್ಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬೇಕರಿಗಳೆಲ್ಲ ಬಾಗಿಲು ಹಾಕಿದಾಗ ಓಣಿಗೆ ಓಣಿಯೇ ಬಿಸ್ಕೀಟು ಪುಡಿಮಾಡಿ, ಈನೋ ಹಾಕಿ, ಕುಕ್ಕರಿನಲ್ಲಿ ಕೇಕು ಎಬ್ಬಿಸಿತಲ್ಲ, ನನ್ನ ಕಲಿಕೆಯೂ ಅಲ್ಲಿಂದಲೇ. ಹೆಚ್ಚಿನವರು ತಳಕ್ಕೆ ಉಪ್ಪು ಹಾಕುತ್ತಾರೆ. ಅತ್ತಿಯವರು ಉಪ್ಪಿನ ಪೊಟ್ಟಣ ಕಸಿದಿಟ್ಟುಕೊಂಡರು. ಅವರ ತವರು ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಗೆ. ಅಲ್ಲಿಂದ ಒಂದು ಚೀಲ ಹೊಳಿ ಉಸುಕು ತರಿಸಿ, ತೊಳೆದು, ಒಣಗಿಸಿ ಕೊಟ್ಟರು. “ಚುರಮರಿ ಭಟ್ಟಿ ನೋಡಿಯಿಲ್ಲ? ಅಲ್ಲಿ ಅಕ್ಕಿ ಹುರಿಯೂದು ಬೆಂಕಿ ಅಲ್ಲ, ಉಸುಕು.” ಗಿರಮಿಟ್ ತಿಂದು ಬೆಳೆದ ಊರಿನವಳು ನಾನು, ಆದರೂ ಇದು ಹೊಳೆದಿರಲಿಲ್ಲ. ಉಸುಕು ನಿಧಾನಕ್ಕೆ ಕಾಯುತ್ತದೆ. ಕಾದ ಮೇಲೆ ಉರಿ ಹೆಚ್ಚುಕಡಿಮೆಯಾದರೂ ತನ್ನ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಸಿಲಿಂಡರಿನ ಗ್ಯಾಸ್ ಮುಗಿಯುತ್ತ ಬಂದು ಉರಿ ನಡುಗುವಾಗಲೂ. ಸೀಟಿ ತೆಗೆದು, ಮುಚ್ಚಳದ ರಬ್ಬರ್ ತೆಗೆದು, ಹತ್ತು ನಿಮಿಷ ಉಸುಕು ಕಾಯಿಸಿ, ಮೇಲೊಂದು ಸಿಂಬೆ ಇಟ್ಟು, ಅದರ ಮೇಲೆ ಪಾತ್ರೆ. ಮುಕ್ಕಾಲು ತಾಸಿನ ಆಜುಬಾಜು ಆಗುತ್ತದೆ. ಚುಚ್ಚಿದ ಕಡ್ಡಿ ಪೂರ್ತಿ ಒಣಗಿ ಬಂದರೆ ತಡವಾಯಿತೆಂದೇ ಲೆಕ್ಕ. ಎರಡು ಹಸಿ ಅಗುಳು ಅಂಟಿಕೊಂಡಿರಬೇಕು.

ಆಮೇಲೆ ತಡೆದುಕೊಳ್ಳುವ ಕೆಲಸ. ಬಿಸಿ ಕೇಕು ಬರೀ ವಾಸನೆ, ರುಚಿಯಲ್ಲ. ರಾತ್ರಿಯಿಡೀ ಮುಚ್ಚಿಟ್ಟರೆ ತೇವ ಎಲ್ಲ ಕಡೆ ಹಂಚಿಕೊಂಡು, ಕೋಕೋದ ಒರಟು ಇಳಿದು, ಮರುದಿನ ಚಾಕು ಹಾಕಿದರೆ ಪುಡಿ ಉದುರದೆ ಹೋಳಾಗುತ್ತದೆ. ಶೇಂಗಾ ಹೋಳಿಗೆಯನ್ನು ವಾರಗಟ್ಟಲೆ ಡಬ್ಬಿಯಲ್ಲಿಟ್ಟು ತಿನ್ನುವ ಜನಕ್ಕೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಕ್ಕಳಿಗೆ ಹೇಳಿಕೊಡಬೇಕು. ಅವು ಕೇಳುವುದಿಲ್ಲ.

ಮೇಲಿನ ಹೊದಿಕೆಯೇ ನನ್ನ ನಿಜವಾದ ತಲೆನೋವು. ಕೆನೆ ಬಿಸಿಮಾಡಿ, ಸಮತೂಕದ ಕಪ್ಪು ಚಾಕೊಲೇಟ್ ಮುರಿದು ಹಾಕಿ, ಒಂದು ಗಳಿಗೆ ಬಿಟ್ಟು ಕದಡಿದರೆ ಗನಾಶ್. ಕಡುಗಪ್ಪು, ಹೊಳಪು, ನಮ್ಮ ಎರೆಮಣ್ಣು ಮೊದಲ ಮಳೆಗೆ ನೆನೆದ ಬಣ್ಣ. ಆದರೆ ಅಸಲಿ ಚಾಕೊಲೇಟಿನಲ್ಲಿರುವುದು ಕೋಕೋ ಬೆಣ್ಣೆ. ಅದು ಕರಗುವುದು ಸುಮಾರು 34 ಡಿಗ್ರಿಗೆ, ಅಂದರೆ ಬಾಯಿಯ ಶಾಖಕ್ಕಿಂತ ತುಸು ಕೆಳಗೆ. ನಾಲಿಗೆಯ ಮೇಲೆ ಜಾರಿ ಹೋಗುವ ಆ ಸುಖದ ಗುಟ್ಟೇ ಇದು. ಏಪ್ರಿಲ್ ತಿಂಗಳ ಗದಗಿನಲ್ಲಿ ಅಡಿಗೆಮನೆಯೇ ಬಾಯಿಗಿಂತ ಬಿಸಿ. ಕಾಂಪೌಂಡ್ ಎಂದು ಮಾರುವ ಗಟ್ಟಿಯಲ್ಲಿ ಕೋಕೋ ಬೆಣ್ಣೆ ತೆಗೆದು ಬೇರೆ ಎಣ್ಣೆಯ ಕೊಬ್ಬು ಸೇರಿಸಿರುತ್ತಾರೆ. ಅಗ್ಗ, ಬಿಸಿಲಿಗೆ ಬಗ್ಗುವುದಿಲ್ಲ, ಅಂಗುಳಕ್ಕೆ ಮಾತ್ರ ಮೇಣದಂತೆ ಅಂಟಿ ಕೂರುತ್ತದೆ. ಕಾಂಪೌಂಡ್ ಹಾಕುವುದಿಲ್ಲವೆಂದು ಹಟ ಹಿಡಿದಿದ್ದೇನೆ. ಹಟಕ್ಕೆ ತಕ್ಕ ಕಷ್ಟವೂ ಇದೆ.

ಹೋದ ಬೇಸಿಗೆಯಲ್ಲಿ ಲಕ್ಷ್ಮೇಶ್ವರದಲ್ಲಿ ಮೈದುನನ ಮಗಳ ಕುಬಸ. ಕೇಕು ಬೇಕೇ ಬೇಕೆಂದು ಆ ಹುಡುಗಿಯದೇ ಆಸೆ. ಬಸ್ಸಿನಲ್ಲಿ ಮುಳಗುಂದ ದಾಟುವಷ್ಟರಲ್ಲಿ ಹೊದಿಕೆ ಹೊಳೆಯಾಗುತ್ತದೆಂದು ಕೇಕನ್ನು ಬೋಳಾಗಿಯೇ ಒಯ್ದೆ, ಗನಾಶನ್ನು ಸಾರಿನ ಸ್ಟೀಲ್ ಡಬ್ಬಿಯಲ್ಲಿ ಬೇರೆ. ಪಕ್ಕದ ಸೀಟಿನ ಹಿರಿಯರೊಬ್ಬರು ಡಬ್ಬಿಯತ್ತ ನೋಡಿ, “ಕಟ್ಟಿನ ಸಾರ ಏನ್ರಿ ಅಕ್ಕಾರ?” ಎಂದು ಕೇಳಿದರು. ಹೌದೆಂದೆ. ಯಾವ ಮುಖ ಹೊತ್ತು ಇಲ್ಲವೆನ್ನಲಿ?

ಮನೆ ತುಂಬ ಹೆಣ್ಣುಮಕ್ಕಳು, ಹಸಿರು ಬಳೆಗಳ ಸದ್ದು. ಕೇಕಿನ ಮೇಲೆ ಗನಾಶ್ ಸುರಿದೆ, ಹುಡುಗಿ ಕತ್ತರಿಸಿದಳು, ಹಿರಿಯರು ಒಂದೊಂದು ತುಣುಕು ತಿಂದು, ಚಲೋ ಆಗೇತಿ, ಆದರ ಸಿಹಿ ಸ್ವಲ್ಪ ಕಡಿಮಿ ಎಂಬ ತೀರ್ಪು ಕೊಟ್ಟರು. ಡಬ್ಬಿಯ ತಳದಲ್ಲಿ ಇನ್ನೂ ಉಳಿದಿತ್ತು. ನೋಡನೋಡುತ್ತ ಹುಡುಗರ ದಂಡು ಅದನ್ನು ಪಡಸಾಲೆಗೆ ಹೊತ್ತೊಯ್ದು, ಪಂಕ್ತಿಗೆಂದು ತೆಗೆದಿಟ್ಟಿದ್ದ ಶೇಂಗಾ ಹೋಳಿಗೆ ಮುರಿದು ಅದರಲ್ಲಿ ಅದ್ದತೊಡಗಿತು. ಗದರಲು ಹೋದ ನೆಗೆಣ್ಣಿ ತಾನೂ ಒಂದು ಚೂರು ಅದ್ದಿ ಬಾಯಿಗಿಟ್ಟಳು, ಕಣ್ಣು ಮುಚ್ಚಿ ಅಗಿದಳು, ಇನ್ನೊಂದು ಚೂರು ಮುರಿದಳು.

“ಅಕ್ಕಾ, ಮುಂದಿನ ಸಲ ಸಾರಷ್ಟ ತಗೊಂಡ್ ಬಾ” ಎಂದಳು. “ಹೋಳಿಗಿ ನಾ ಮಾಡ್ತೀನಿ. ಆ ಕೇಕ್ ಹೊತಕೊಂಡ್ ಬರೂ ತ್ರಾಸ ಯಾಕ ನಿನಗ?”